ಪಿ ಸೊನ್ನೆ ಐದು ಆರು ಎರಡು

"ರೀ, ಇದೇನ್ರೀ ಇಲ್ಲಿ, ನಲ್ಲಿ ಥರ ಒಂದು ಹಳದಿ ದೀಪ? ನಿನ್ನೆ ಇರಲಿಲ್ಲವಲ್ಲ!"

ಊಟದ ಡಬ್ಬಿಯನ್ನು ಕಾರಿನ ಕಿಟಕಿಯಿಂದ ಒಳಗೆ ಕೊಡಲು ಬಂದ ಹೆಂಡತಿ ಡಬ್ಬಿಯ ಹಿಂದೆಯೇ ತನ್ನ ತಲೆಯನ್ನೂ ಒಳಗೆ ತೂರಿಸಿದ್ದಳು. ನಂಬರಪ್ಪನವರು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಕಣ್ಣು ಕೆಳಗೆ ಹಾಯಿಸಿದರು. ಹೌದು, ದೀಪ ಇತ್ತು. ನಿನ್ನೆ ಇರಲಿಲ್ಲ. ಅದು ಏನು, ಯಾಕೆ ಹತ್ತಿಕೊಂಡಿದೆ ಎಂಬುದು ಅವರಿಗೆ ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ನಾಲ್ಕು ತಿಂಗಳಿಂದ ಕಾರಿನ ಯಜಮಾನನಾಗಿರುವ ಗಂಡಸು ಹೆಂಡತಿಯ ಮುಂದೆ ಗೊತ್ತಿಲ್ಲ ಎಂದು ಬಾಯಿ ಬಿಡುವುದುಂಟೆ?

"ಅದಾ? ಅದು ಇಂಜಿನ್ ಎಚ್ಚರವಾಗಿದೆ ಅಂತ ತೋರಿಸೋ ದೀಪ."

"ಇಷ್ಟು ದಿನ ಮಲಗಿತ್ತಾ ಹಾಗಾದ್ರೆ?"

ಅವಳು ಸುಮ್ಮನೆ ಕೇಳಿದ್ದು. ಆದರೆ ನಂಬರಪ್ಪನವರು ಡಬ್ಬಿ ಕಸಿದುಕೊಂಡು ಗೇರಿಗೆ ಕೈ ಹಾಕಿದರು.

ಅಷ್ಟರಲ್ಲಿ ಜಗಲಿಯ ಕುರ್ಚಿಯಿಂದ ಅತ್ತೆ ಎದ್ದು ಬಂದರು. ಮಗಳ ತಲೆಯ ಪಕ್ಕದಲ್ಲಿ ತಮ್ಮ ತಲೆಯನ್ನೂ ಒಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, "ನಲ್ಲಿ ಅಲ್ಲ ಕಣೇ ಅದು. ಹೊಲಿಗೆ ಮಿಷನ್ನು. ಸರಿಯಾಗಿ ನೋಡು" ಎಂದರು. ಎದುರುಮನೆಯ ಮೇಷ್ಟ್ರು, ನಿವೃತ್ತರಾಗಿ ಆರು ವರ್ಷವಾದರೂ ಬೀದಿಗೆಲ್ಲ ಪಾಠ ಹೇಳುವುದನ್ನು ಬಿಡದವರು, ಗಿಡಕ್ಕೆ ನೀರು ಹಾಕುತ್ತಿದ್ದ ಪೈಪನ್ನು ಹಾಗೇ ಹರಿಯಲು ಬಿಟ್ಟು ಈ ಕಡೆ ದಾಟಿದರು.

"ಎರಡೂ ಅಲ್ಲ. ಜಲಾಂತರ್ಗಾಮಿ ನೌಕೆ. ನನ್ನ ಗಾಡೀಲೂ ಇದೆ ಇದು, ಹದಿನೈದು ದಿನದಿಂದ. ನಂದು ಕಣ್ಣು ಮಿಟುಕಿಸುತ್ತೆ. ನಿಮ್ಮದು ನೆಟ್ಟಗೆ ನೋಡ್ತಾ ಇದೆ."

"ಯಾವುದು ವಾಸಿ ಮೇಷ್ಟ್ರೇ?" ಹೆಂಡತಿ ಗಾಬರಿಯಿಂದ ಕೇಳಿದಳು.

"ಮಿಟುಕಿಸೋದೇ ವಾಸಿ ಇರ್ಬೇಕಮ್ಮ. ಸಿಟ್ಟಿಲ್ಲ ಅಂತ ಅರ್ಥ."

ಮೂರು ತಲೆಗಳನ್ನೂ ಕಿಟಕಿಯಿಂದ ಹೊರಗೆ ಕಳಿಸಿ, "ಆಫೀಸಲ್ಲಿ ನೋಡಿಸ್ತೀನಿ, ಹೊತ್ತಾಯ್ತು" ಎಂದು ನಂಬರಪ್ಪನವರು ಗಾಡಿ ಬಿಟ್ಟರು. ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ಮರೆಯಾಗುವ ತನಕ ಹೆಂಡತಿ ಗೇಟಿನಲ್ಲೇ ನಿಂತಿರುತ್ತಾಳೆಂದು ಅವರಿಗೆ ಗೊತ್ತು. ದಿನಾ ನಿಲ್ಲುತ್ತಾಳೆ. ಅದೇ ಕಷ್ಟವಾಗಿರುವುದು.

ನಂಬರಪ್ಪನವರಿಗೆ ಬೇರೆ ಹೆಸರೂ ಇದೆ, ಸಂಬಳದ ಚೀಟಿಯಲ್ಲಿ ಅದನ್ನು ಕಾಣಬಹುದು. ಅವರು ದೊಡ್ಡಾಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ವಾಸಿಯಾಗಿ ಮನೆಗೆ ಹೋದ ಪ್ರತಿ ರೋಗಿಯ ಫೈಲಿನ ಮೇಲೂ ರೋಗದ ನಂಬರು ಬರೆಯುವುದು ಅವರ ಕೆಲಸ. ಕಾಲು ಮುರಿದರೆ ಒಂದು ನಂಬರು, ಏಣಿಯಿಂದ ಬಿದ್ದು ಮುರಿದರೆ ಅದರ ಜೊತೆ ಇನ್ನೊಂದು. ಎಲ್ಲಕ್ಕೂ ದಿಂಬಿನಷ್ಟು ದಪ್ಪದ ಒಂದು ಪುಸ್ತಕವಿದೆ. ನಂಬರಿಲ್ಲದ ಫೈಲು ಕಪಾಟಿಗೆ ಹೋಗಕೂಡದು ಎನ್ನುವುದು ಆ ಕೋಣೆಯ ಕಾನೂನು. ಜನ ತಮ್ಮ ನೋವನ್ನು ಹೇಳಿಕೊಂಡರೆ ಅವರಿಗೆ ಅಯ್ಯೋ ಅನ್ನಿಸುವ ಮೊದಲು ನಂಬರು ಹೊಳೆಯುತ್ತದೆ. ಹೀಗಾಗಿ ಆ ಹೆಸರು.

ಕಾರು ಕೊಂಡದ್ದು ಅವರಿಗಿಂತ ಹೆಚ್ಚಾಗಿ ಹೆಂಡತಿಯ ಆಸೆಗೆ. ಮೂರನೆಯ ದಿನವೇ ಅನಾಹುತ ನಡೆಯಿತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ಏರು, ಏರಿನ ನಟ್ಟನಡುವೆ ಒಂದು ಸಿಗ್ನಲ್ಲು. ಕೆಂಪು ದೀಪ ಹೋಗಿ ಹಸಿರು ಬಂದಾಗ ನಂಬರಪ್ಪನವರ ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿ, ಹಿಂದಿದ್ದ ಬಸ್ಸಿನ ಮೂತಿಗೆ ಮೆಲ್ಲಗೆ ತಾಗಿತು. ಒಂದು ಗೀರೂ ಬೀಳಲಿಲ್ಲ. ಆದರೆ ಬಸ್ಸಿನ ಕಿಟಕಿಗಳಿಂದ ನಲವತ್ತು ತಲೆ ಹೊರಬಂದವು. ಕ್ಲಚ್ ಬಿಡಿ ಎಂದವರು ಹದಿನೈದು ಜನ, ಬಿಡಬೇಡಿ ಎಂದವರು ಹದಿನೈದು, ಉಳಿದ ಹತ್ತು ಜನ ಕಾರನ್ನೇ ಬಿಟ್ಟುಬಿಡಿ ಎಂದರು. ನಂಬರಪ್ಪನವರಿಗೆ ಕೊನೆಯವರ ಮಾತು ಹಿಡಿಸಿತು. ಮರುದಿನದಿಂದ ಅವರು ಅದೇ ಬಸ್ಸಿನ ಪ್ರಯಾಣಿಕರಾದರು.

ಕಾರು? ಬೀದಿ ತಿರುಗಿದ ಮೇಲೆ ಮುನ್ನೂರು ಮೀಟರು ದೂರದಲ್ಲಿ ಬಾಗಿಲು ಹಾಕಿದ ಒಂದು ಗೋದಾಮಿದೆ. ಬೆಳಿಗ್ಗೆ ಅದರ ಹಿಂಗೋಡೆಗೆ ಕಾರು ಒತ್ತರಿಸಿ, ಇಂಜಿನ್ ಆರಿಸಿ, ಕೀಲಿ ಮಾತ್ರ ಅರ್ಧ ತಿರುಗಿಸಿಟ್ಟು, ರೇಡಿಯೊ, ಫ್ಯಾನು ಹಾಕಿಕೊಂಡು, ಫೋನ್ ಚಾರ್ಜಿಗಿಟ್ಟು, ಬಸ್ಸು ಬರುವ ತನಕ ಇಪ್ಪತ್ತೈದು ನಿಮಿಷ ಕೂರುವುದು. ಸಂಜೆ ಬಸ್ಸಿಳಿದು ಬಂದು ಮತ್ತೆ ಅರ್ಧ ಗಂಟೆ, ಒಳಗಿನ ದೀಪ ಹಾಕಿಕೊಂಡು ಪತ್ರಿಕೆ ಓದುವುದು. ಯಾಕೆಂದರೆ ಕಾರಿನವರು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಸುಸ್ತಾಗಿ ಆರೂವರೆಗೆ ಮನೆಗೆ ಬರಬೇಕು ಎನ್ನುವುದು ಹೆಂಡತಿಯ ತಿಳಿವಳಿಕೆ, ಅದನ್ನು ಹಾಳು ಮಾಡುವುದಕ್ಕೆ ಇವರಿಗೆ ಮನಸ್ಸಿಲ್ಲ. ಈ ಏರ್ಪಾಡು ಗೊತ್ತಿದ್ದದ್ದು ಇಬ್ಬರಿಗೇ: ನಂಬರಪ್ಪನವರಿಗೆ, ಮತ್ತು ಗೋದಾಮಿನ ಗೋಡೆಯ ಮೇಲೆ ಮಲಗುವ ಒಂದು ಬೂದು ಬೆಕ್ಕಿಗೆ.

ಹೇಳಿಬಿಡಬಹುದಿತ್ತು. ಆದರೆ ಹೆಂಡತಿಯ ತವರಿನವರು ಇಪ್ಪತ್ತು ವರ್ಷ ಇವರನ್ನು ಕಡತದ ಹುಳು ಎಂದೇ ಕರೆದವರು. ಈ ನಾಲ್ಕು ತಿಂಗಳಲ್ಲಿ ಅವಳು ದರ್ಜಿಯ ಅಂಗಡಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಫೋನಿನಲ್ಲಿ, "ನಮ್ಮನೆಯವರು ಎಂಥಾ ಟ್ರಾಫಿಕ್ಕಲ್ಲೂ ಒಂದೇ ಕೈಯಲ್ಲಿ ಓಡಿಸ್ತಾರೆ" ಎಂದು ಹೇಳಿ ಹೇಳಿ ಎರಡಿಂಚು ಎತ್ತರವಾಗಿದ್ದಳು. ಅವಳನ್ನು ಮತ್ತೆ ಕುಳ್ಳಗೆ ಮಾಡುವುದು ಹೇಗೆ? ಈಗ ಈ ಹಳದಿ ದೀಪವನ್ನು ಯಾರಾದರೂ ಬಲ್ಲವರು ಬಂದು ನೋಡಿದರೆ ಅದರ ಹಿಂದೆಯೇ ಗೋದಾಮೂ ಹೊರಗೆ ಬರುತ್ತದೆ. ಷೋರೂಮಿಗೆ ಒಯ್ಯೋಣವೆಂದರೆ ಅದಿರುವುದು ಏರಿನ ಆ ಕಡೆ.

ದಾಖಲೆ ಕೋಣೆಯ ಪಕ್ಕದಲ್ಲೇ ಎಕ್ಸ್‌ರೇ ಕೋಣೆ. ಅಲ್ಲಿಯ ಎಕ್ಸ್‌ರೇಯಣ್ಣನಿಗೆ ಯಾವುದರದ್ದೇ ಆಗಲಿ, ಒಳಗೇನಿದೆ ಎಂದು ನೋಡದಿದ್ದರೆ ನಿದ್ದೆ ಹತ್ತದು.

"ಆ ದೀಪ ಹತ್ತಿದ್ರೆ ಗಾಡಿ ಮಾತಾಡ್ತಿದೆ ಅಂತ ತಿಳ್ಕೊಳಿ" ಎಂದ ಅವನು. "ಒಳಗೊಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಏನಾದ್ರೂ ತಪ್ಪು ಕಂಡ ಕೂಡ್ಲೆ ಒಂದು ನಂಬರು ಬರೆದಿಟ್ಕೊಂಡು ದೀಪ ಹಾಕುತ್ತೆ."

"ನಂಬರಾ?" ನಂಬರಪ್ಪನವರ ಮುಖ ಆ ದಿನ ಮೊದಲ ಬಾರಿಗೆ ಅರಳಿತು. ತಮ್ಮದೇ ಭಾಷೆಯಲ್ಲಿ ಕಾರು ಮಾತಾಡುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಹೂಂ. ಓದೋ ಯಂತ್ರ ನನ್ನ ಹತ್ರ ಇದೆ. ನಡೀರಿ, ಗಾಡಿ ಎಲ್ಲಿ, ಹಿಂದಿನ ಶೆಡ್ಡಲ್ವಾ? ಇಷ್ಟು ದಿನ ಆಯ್ತು, ನಿಮ್ಮ ಗಾಡೀನೇ ನಾನು ಕಣ್ಣಾರೆ ನೋಡಿಲ್ಲ."

"ಇವತ್ತು... ಇವತ್ತು ಬಸ್ಸಲ್ಲಿ ಬಂದೆ. ದೀಪ ಹತ್ತಿತ್ತಲ್ಲ."

ನಾಲ್ಕು ತಿಂಗಳಲ್ಲಿ ಅವರು ಆಡಿದ ಮೊದಲ ನಿಜ ಅದು. ಎಕ್ಸ್‌ರೇಯಣ್ಣ ಮರುಗಿದ. "ಛೆ ಛೆ, ಬಸ್ಸು! ಎಷ್ಟು ಕಷ್ಟ ಆಯ್ತೋ ಏನೋ. ಅಭ್ಯಾಸ ತಪ್ಪಿಹೋಗಿರುತ್ತೆ ನಿಮಗೆ."

ಯಂತ್ರ ಅಂಗೈಯಗಲ ಇತ್ತು. ಒಂದು ಬಾಲ, ಒಂದು ಸಣ್ಣ ಪರದೆ, ಎರಡು ಗುಂಡಿ. "ಬಾಲವನ್ನ ಸ್ಟೇರಿಂಗ್ ಕೆಳಗಿರೋ ತೂತಿಗೆ ಚುಚ್ಚಿ. ಹಸಿರು ಒತ್ತಿದ್ರೆ ನಂಬರ್ ಓದುತ್ತೆ, ಕೆಂಪು ಒತ್ತಿದ್ರೆ ಅಳಿಸುತ್ತೆ. ನಂಬರಿಗೆ ಅರ್ಥ ಏನು ಅನ್ನೋ ಪುಸ್ತಕವೂ ಇತ್ತು, ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು. ಫೋನಲ್ಲಿ ಹುಡುಕಿ, ಸಿಗುತ್ತೆ."

ಆ ಸಂಜೆ ಗೋದಾಮಿನ ಗೋಡೆಯ ಪಕ್ಕ, ಬೆಕ್ಕಿನ ಸಮಕ್ಷಮದಲ್ಲಿ, ನಂಬರಪ್ಪನವರು ಸೀಟಿನಲ್ಲಿ ತಲೆಕೆಳಗಾಗಿ ತೂತು ಹುಡುಕಿದರು, ಬಾಲ ಚುಚ್ಚಿದರು, ಹಸಿರು ಒತ್ತಿದರು. ಪರದೆಯ ಮೇಲೆ ಮೂಡಿತು: ಪಿ ಸೊನ್ನೆ ಐದು ಆರು ಎರಡು.

ಫೋನಿನಲ್ಲಿ ಹುಡುಕಬಹುದಿತ್ತು ನಿಜ. ಆದರೆ ಇಪ್ಪತ್ತಾರು ವರ್ಷ ನಂಬರಿನ ಅನ್ನ ಉಂಡವರು ನಂಬರಿನ ಅರ್ಥವನ್ನು ಫೋನಿಗೆ ಕೇಳುವುದೆಂದರೆ, ಅರ್ಚಕರು ದೇವಸ್ಥಾನದ ದಾರಿ ಕೇಳಿದ ಹಾಗಾಗುತ್ತದೆ. ಮರುದಿನ ಬೆಳಿಗ್ಗೆ ದಾಖಲೆ ಕೋಣೆಯಲ್ಲಿ ಅವರು ಒಂದು ಹೊಸ ಕೇಸ್ ಹಾಳೆ ತೆಗೆದರು. ರೋಗಿ: ಕಾರು. ವಯಸ್ಸು: ನಾಲ್ಕು ತಿಂಗಳು. ದೂರು: ಹಳದಿ ದೀಪ. ಆಮೇಲೆ ದಪ್ಪ ಪುಸ್ತಕ ತೆರೆದು ಪಿ ಅಕ್ಷರಕ್ಕೆ ಹೋದರು. ಪಿ ಎಂದರೆ ನವಜಾತ ಶಿಶುಗಳ ಅಧ್ಯಾಯ. ಪಿ ಸೊನ್ನೆ ಐದು: ಗರ್ಭದಲ್ಲಿ ಬೆಳವಣಿಗೆ ಕುಂಠಿತ, ಪೋಷಣೆ ಸಾಲದು. ಮುಂದಿನ ಆರು, ಎರಡು ಪುಸ್ತಕದಲ್ಲಿರಲಿಲ್ಲ. ಇಲ್ಲದಿದ್ದರೇನು, ನಂಬರಪ್ಪನವರಿಗೆ ಅಷ್ಟೇ ಸಾಕಾಯಿತು. ನಾಲ್ಕು ತಿಂಗಳ ಕೂಸು! ಎಷ್ಟು ಸರಿಯಾಗಿ ಹೇಳಿದೆ! ದಿನಕ್ಕೆ ಆರುನೂರು ಮೀಟರು ಓಡುವ ಗಾಡಿಗೆ ಎಷ್ಟು ಪೆಟ್ರೋಲು ತಾನೇ ಹಾಕಿದ್ದರು?

"ಏನಂತೆ?" ಎಂದು ಎಕ್ಸ್‌ರೇಯಣ್ಣ ಕಿಟಕಿಯಲ್ಲಿ ಇಣುಕಿದ.

"ಹುಟ್ಟಿದಾಗಿನಿಂದ ಪೋಷಣೆ ಕಮ್ಮಿ."

"ಹಾಗೆಲ್ಲ ಇರುತ್ತಾ? ಇರಲಿ ಬಿಡಿ, ಕೆಂಪು ಒತ್ತಿ ಅಳಿಸಿಬಿಡಿ. ನಾನಂತೂ ಅಷ್ಟೇ ಮಾಡೋದು."

ಸಂಜೆ ನಂಬರಪ್ಪನವರು ಟ್ಯಾಂಕು ತುಂಬಾ ಪೆಟ್ರೋಲು ಹಾಕಿಸಿದರು. ಪುಣ್ಯಕ್ಕೆ ಬಂಕು ಗೋದಾಮಿನ ಮೂಲೆಯಲ್ಲೇ ಇತ್ತು. ಆಮೇಲೆ ಕೆಂಪು ಒತ್ತಿದರು. ದೀಪ ಆರಿತು. ಇಷ್ಟು ಸುಲಭವೇ ಎಂದು ಅವರಿಗೇ ನಾಚಿಕೆಯಾಯಿತು.

ನಾಚಿಕೆ ಮನೆಯ ಗೇಟಿನ ತನಕ ಉಳಿಯಿತು. ಹೆಂಡತಿ ಒಳಗೆ ಇಣುಕಿ, "ಅಯ್ಯೋ, ಹೋಗಿದೆ! ಯಾರು ಮಾಡಿಕೊಟ್ರು?" ಎಂದಾಗ ಅವರ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು: "ಯಾರು ಯಾಕೆ? ನಾನೇ."

"ನೀವೇನಾ?"

"ನಂಬರು ಗೊತ್ತಾದ್ರೆ ಆಯ್ತು ಕಣೇ. ಮನುಷ್ಯ ಆದ್ರೇನು, ಇಂಜಿನ್ ಆದ್ರೇನು."

ಆ ರಾತ್ರಿಯೊಳಗೆ ಹೆಂಡತಿಯ ತವರಿನವರಿಗೆಲ್ಲ ಸುದ್ದಿ ಮುಟ್ಟಿತು. ಬುಧವಾರ ಬೆಳಿಗ್ಗೆ ಬೀದಿಯ ಹಾಲಿನವನು, "ಡಾಕ್ಟ್ರೇ" ಎಂದು ಕರೆದ. ಸಂಜೆ ಎದುರುಮನೆಯ ಮೇಷ್ಟ್ರು ತಮ್ಮ ಹಳೆಯ ಗಾಡಿಯನ್ನು ನಂಬರಪ್ಪನವರ ಗೇಟಿಗೆ ಅಡ್ಡ ನಿಲ್ಲಿಸಿ ಬಾನೆಟ್ಟು ಎತ್ತಿದ್ದರು. ಅತ್ತೆ ಜಗಲಿಯ ಕುರ್ಚಿಯನ್ನೇ ಬೀದಿಗೆ ತಂದು ಹಾಕಿಕೊಂಡು ಕೂತಿದ್ದರು.

"ನಂದೂ ಸ್ವಲ್ಪ ನೋಡಿ. ಇನ್ನೂ ಮಿಟುಕಿಸ್ತಾನೇ ಇದೆ. ಏರು ಹತ್ತುವಾಗ ಕೆಮ್ಮುತ್ತೆ ಬೇರೆ."

"ಕೆಮ್ಮು ಅಂದ್ರೆ ಶ್ವಾಸಕೋಶ, ಜೆ ಅಕ್ಷರ ಬರಬೇಕಲ್ಲ..." ಎಂದು ಗೊಣಗುತ್ತಾ ನಂಬರಪ್ಪನವರು ಬಾಲ ಚುಚ್ಚಿದರು. ಬಂದದ್ದು ಪಿ ಸೊನ್ನೆ ಮೂರು, ಅದರ ಮುಂದೆ ಎರಡು ಸೊನ್ನೆ. ಅವರ ಪುಸ್ತಕದಲ್ಲಿ ಅದು ತಾಯಿಯ ಹೆರಿಗೆ ತೊಡಕಿನಿಂದ ಕೂಸಿಗಾದ ತೊಂದರೆ. ಮೇಷ್ಟ್ರ ಗಾಡಿಗೆ ಹದಿನಾಲ್ಕು ವರ್ಷ. ಇದನ್ನು ಬೀದಿಯಲ್ಲಿ ಹೇಳುವುದು ಸರಿಯಲ್ಲವೆಂದು, ಗಂಭೀರವಾಗಿ ತಲೆಯಾಡಿಸಿ, ಕೆಂಪು ಒತ್ತಿದರು.

"ಆಯ್ತು."

"ಇಷ್ಟೇನಾ? ಏನಾಗಿತ್ತು?"

"ಹಳೇದು. ಹುಟ್ಟಿನಿಂದ ಬಂದದ್ದು. ಕೆದಕಬೇಡಿ."

"ಹಳದಿ ದೀಪವೇ ಹೋಯ್ತಲ್ಲ!" ಎಂದು ಮೇಷ್ಟ್ರು ಅವರ ಎರಡೂ ಕೈ ಹಿಡಿದು ಕುಲುಕಿದರು. ಅತ್ತೆ ಕುರ್ಚಿಯಿಂದಲೇ ಮಗಳಿಗೆ, "ನಿಮ್ಮಪ್ಪ ಒಂದು ಸೈಕಲ್ ಪಂಚರ್ ಹಾಕಿದ್ದು ಕಾಣೆ" ಎಂದರು.

ಈ ವೈಭವ ಎರಡು ದಿನ ಬಾಳಿತು. ಶುಕ್ರವಾರ ಬೆಳಿಗ್ಗೆ ಮೇಷ್ಟ್ರ ಗಾಡಿ ಮಾರುಕಟ್ಟೆಯ ನಡುವೆ ಮೂರು ಸಲ ಹಾರಿ, ಒಂದು ಸಲ ಸೀನಿ, ನಿಂತುಹೋಯಿತು. ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕಾಯಿತು. ಮೇಷ್ಟ್ರು ಬೀದಿಯುದ್ದಕ್ಕೂ, "ಡಾಕ್ಟ್ರಂತೆ, ಡಾಕ್ಟ್ರು!" ಎನ್ನುತ್ತಾ ನಡೆದು ಬಂದರು. ಅದೇ ಹೊತ್ತಿಗೆ ನಂಬರಪ್ಪನವರು ಕೀಲಿ ತಿರುಗಿಸಿದರೆ ಇಂಜಿನ್ನು ನರಳಿ ನರಳಿ ಎದ್ದಿತು. ಎದ್ದ ಮರುಗಳಿಗೆಯೇ ಹಳದಿ ದೀಪ ಹತ್ತಿತು. ಕೆಂಪು ಒತ್ತಿದರು. ಆರಿತು. ಶನಿವಾರ ಮತ್ತೆ ಹತ್ತಿತು. ಎರಡನೆಯ ಸಲ ಕೆಂಪು ಒತ್ತುವಾಗ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಸಾಕು ಬಿಡಿ" ಎಂದಳು. "ನನ್ನ ತಮ್ಮನಿಗೆ ಫೋನ್ ಮಾಡಿದೀನಿ. ನಾಳೆ ಬರ್ತಾನೆ."

ಭಾವಮೈದ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಇಂಜಿನ್ ಶಬ್ದ ಕೇಳಿಯೇ ಡ್ರೈವರು ಎಲ್ಲಿ ಬಸ್ಸು ನಿಲ್ಲಿಸಿ ನಿದ್ದೆ ಮಾಡಿದ ಎಂದು ಹೇಳುತ್ತಾನೆಂದು ಅವನ ಬಗ್ಗೆ ಖ್ಯಾತಿ.

ಭಾನುವಾರ ಭಾವಮೈದ ಬಂದ. ಅವನ ಯಂತ್ರ ಇವರ ಯಂತ್ರದ ನಾಲ್ಕರಷ್ಟಿತ್ತು. ಮೇಷ್ಟ್ರು ಕೈಕಟ್ಟಿಕೊಂಡು ನ್ಯಾಯಾಧೀಶರಂತೆ ನಿಂತಿದ್ದರು. ಮೊದಲು ಅವರ ಗಾಡಿಯ ವಿಚಾರಣೆಯೇ ಆಯಿತು.

"ಮಿಟುಕಿಸೋ ದೀಪಾನ ಅಳಿಸಿದ್ರಾ ಭಾವ?" ಭಾವಮೈದ ಹಣೆಗೆ ಕೈ ಹಚ್ಚಿದ. "ಮಿಟುಕಿಸಿದ್ರೆ ಗಾಡೀನ ಅಲ್ಲೇ ಪಕ್ಕಕ್ಕೆ ಹಾಕ್ಬೇಕು. ಒಳಗೆ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಅದು. ಪ್ಲಗ್ಗು ಹೋಗಿರುತ್ತೆ. ನೆಟ್ಟಗೆ ಉರೀತಿದ್ರೆ ನಿಧಾನಕ್ಕೆ ಗ್ಯಾರೇಜಿಗೆ ಹೋಗ್ಬಹುದು. ಅಳಿಸೋದು ಅಂದ್ರೆ ಬಾಗಿಲು ತಟ್ಟೋರ ಬಾಯಿಗೆ ಬಟ್ಟೆ ತುರುಕಿದ ಹಾಗೆ."

"ಸಿಟ್ಟಿಲ್ಲ ಅಂತ ಅರ್ಥ ಅಂದಿದ್ದು ಮೇಷ್ಟ್ರು" ಎಂದರು ನಂಬರಪ್ಪನವರು ಸಣ್ಣ ದನಿಯಲ್ಲಿ.

"ಮತ್ತೆ ನಂಬರು ಗೊತ್ತಾದ್ರೆ ಆಯ್ತು ಅಂದ್ರಂತೆ ಅಕ್ಕನ ಹತ್ರ? ಅರ್ಥ ಎಲ್ಲಿ ನೋಡಿದ್ರಿ, ಯಾವ ಪುಸ್ತಕ?"

ಹೇಳಬೇಕಾಯಿತು. ಭಾವಮೈದ ಐದು ನಿಮಿಷ ಬಾನೆಟ್ಟಿಗೆ ಒರಗಿ ನಕ್ಕ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಇಲ್ಲಿ ಪಿ ಅಂದ್ರೆ ಇಂಜಿನ್ನು, ಗೇರು, ಆ ಕಡೆಯ ತೊಂದರೆ ಅಂತ ಅಷ್ಟೇ. ಅದೂ ಬರೀ ದೂರು ಭಾವ, ರೋಗ ಅಲ್ಲ. ಹೊಟ್ಟೆನೋವು ಅಂತ ಬಂದವನಿಗೆ ಹೊಟ್ಟೆನೋವು ಅಂತಲೇ ನಂಬರ್ ಹಾಕಿ ಮನೆಗೆ ಕಳಿಸ್ತೀರಾ ನೀವು?" ಎಂದ.

"ಶನಿವಾರ ಅರ್ಧ ದಿನ ಅಲ್ವಾ, ಕಳಿಸಿದ್ದುಂಟು" ಎಂದರು ನಂಬರಪ್ಪನವರು ಪ್ರಾಮಾಣಿಕವಾಗಿ.

ಭಾವಮೈದ ಒಳಗೆ ಕೂತು ಬಾಲ ಚುಚ್ಚಿದ. "ಪಿ ಸೊನ್ನೆ ಐದು ಆರು ಎರಡು. ವೋಲ್ಟೇಜ್ ಕಮ್ಮಿ. ಬ್ಯಾಟರಿಗೆ ಚಾರ್ಜ್ ಸಾಲ್ತಾ ಇಲ್ಲ. ಯಾಕೆ ಸಾಲ್ತಿಲ್ಲ ಅನ್ನೋದನ್ನ ನಾವು ಹುಡುಕ್ಬೇಕು. ಇರಿ, ದೀಪ ಹತ್ತಿದ ಕ್ಷಣದಲ್ಲಿ ಗಾಡಿ ಹೇಗಿತ್ತು ಅಂತ ಇದರಲ್ಲಿ ಒಂದು ಫೋಟೋ ಹಿಡಿದಿಟ್ಟ ಹಾಗೆ ಇರುತ್ತೆ, ನೋಡೇ ಬಿಡೋಣ."

ಫೋಟೋ! ನಂಬರಪ್ಪನವರು ಗೇಟಿನ ಕಂಬ ಹಿಡಿದುಕೊಂಡರು. ಗೋದಾಮಿನ ಗೋಡೆ, ಗೋಡೆಯ ಮೇಲೆ ಬೂದು ಬೆಕ್ಕು, ಸೀಟು ಹಿಂದಕ್ಕೆ ಬಾಗಿಸಿ ಬಾಯ್ತೆರೆದು ಮಲಗಿರುವ ತಾವು, ಎಲ್ಲವೂ ಬಣ್ಣಬಣ್ಣವಾಗಿ ಆ ಪರದೆಯ ಮೇಲೆ ಮೂಡುತ್ತಿರುವುದು ಅವರ ಕಣ್ಣಿಗೆ ಕಟ್ಟಿತು.

ಮೂಡಿದ್ದು ನಂಬರುಗಳೇ. "ವೇಗ ಸೊನ್ನೆ. ಸ್ಟಾರ್ಟ್ ಆಗಿ ನಲವತ್ತು ಸೆಕೆಂಡು. ವೋಲ್ಟೇಜು ಹತ್ತು ಚಿಲ್ಲರೆ, ಇರಬೇಕಾದ್ದು ಹದಿನಾಲ್ಕು. ಅಕ್ಕಾ, ಗಾಡಿ ದಿನಾ ಎಷ್ಟು ಹೊತ್ತು ಓಡುತ್ತೆ?"

"ಹೋಗ್ತಾ ಮುಕ್ಕಾಲು ಗಂಟೆ, ಬರ್ತಾ ಒಂದು ಗಂಟೆ" ಎಂದಳು ಹೆಂಡತಿ ತಲೆಯೆತ್ತಿ. "ಭಾನುವಾರ ಬಿಟ್ಟು."

"ಅಷ್ಟು ಹೊತ್ತು ಓಡಿದ್ರೆ ಬ್ಯಾಟರಿ ತಾನೇ ತುಂಬಿಕೊಳ್ಳುತ್ತೆ, ಈ ನಂಬರು ಬರಬಾರದು."

"ಅಂದ್ರೆ ಷೋರೂಮಿನವರು ಮೋಸ ಮಾಡಿದಾರೆ!" ಹೆಂಡತಿ ಸೆರಗು ಸಿಕ್ಕಿಸಿ ಫೋನ್ ತೆಗೆದಳು. "ಕೆಟ್ಟ ಗಾಡಿ ತಗುಲಿಸಿದಾರೆ ನಮಗೆ. ಇವರು ಪಾಪ, ಒಂದು ದಿನ ಒಂದು ಮಾತು ಅಂದಿಲ್ಲ. ಬೆನ್ನು ನೋವು ಅಂತ ಬಂದು ಮಲಗೋರು. ಈಗಲೇ ಕರೆಸ್ತೀನಿ, ಮ್ಯಾನೇಜರೇ ಬರಲಿ!"

"ಕರೆಸಮ್ಮ" ಎಂದರು ಮೇಷ್ಟ್ರು. "ನಾನು ಸಾಕ್ಷಿ. ದಿನಾ ಎಂಟೂ ಮುಕ್ಕಾಲಿಗೆ ಹೋಗೋದನ್ನ ನಾನೇ ನೋಡಿದೀನಿ."

ಭಾವಮೈದ ಮಾತ್ರ ಮೀಟರಿನ ಕಡೆ ಬಗ್ಗಿದ. ನಾಲ್ಕು ತಿಂಗಳ ಗಾಡಿ ಓಡಿದ್ದು ನೂರಾ ಐವತ್ತೆಂಟು ಕಿಲೋಮೀಟರು. ಅವನು ಮೀಟರು ನೋಡಿದ. ಭಾವನನ್ನು ನೋಡಿದ. ಮತ್ತೆ ಮೀಟರು ನೋಡಿದ. ನಂಬರಪ್ಪನವರು ಆಕಾಶ ನೋಡಿದರು.

"ಇರು ಅಕ್ಕ, ಫೋನ್ ಇಡು" ಎಂದ ಕೊನೆಗೆ, ಮೀಸೆಯಲ್ಲಿ ನಗು ಅದುಮಿಕೊಂಡು. "ಮೊದ್ಲು ಮದ್ದು ಮಾಡಿ ನೋಡೋಣ. ಒಂದು ಗಂಟೆ ಎಲ್ಲೂ ಇಂಜಿನ್ ಆರಿಸದೆ ಓಡಿಸ್ಬೇಕು, ಬ್ಯಾಟರಿ ತುಂಬಿಕೊಳ್ಳುತ್ತಾ ನೋಡ್ತೀನಿ. ಭಾವ ಓಡಿಸ್ಲಿ. ದೊಡ್ಡ ರಸ್ತೇಲಿ, ಆಸ್ಪತ್ರೆ ಕಡೆಗೆ. ದಿನಾ ಹೋಗೋ ದಾರಿ ತಾನೇ?"

"ನೀನೇ ಓಡಿಸಯ್ಯಾ" ಎಂದರು ನಂಬರಪ್ಪನವರು.

"ನಾನು ಯಂತ್ರ ನೋಡ್ತಿರ್ಬೇಕು ಭಾವ."

ಹೆಂಡತಿ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಅತ್ತೆ, "ಅಳಿಯಂದ್ರು ಒಂದೇ ಕೈಯಲ್ಲಿ ಓಡಿಸೋದನ್ನ ನಾನೂ ನೋಡ್ಬೇಕು" ಎಂದು ಹಿಂದೆ ಹತ್ತಿದರು. ಮೇಷ್ಟ್ರು, ತಮ್ಮ ಗಾಡಿ ಇರುವ ಗ್ಯಾರೇಜು ಅದೇ ದಾರಿಯಲ್ಲಿದೆಯೆಂದು ಅವರ ಪಕ್ಕ ತೂರಿಕೊಂಡರು. ಭಾವಮೈದ ಯಂತ್ರ ಹಿಡಿದು ಹಿಂದೆಯೇ ಮೂರನೆಯವನಾಗಿ ಕೂತ. ಒಬ್ಬ ಮನುಷ್ಯನನ್ನು ಗಲ್ಲಿಗೆ ಒಯ್ಯುವಾಗಲೂ ಇಷ್ಟು ಜನ ಜೊತೆಗಿರುವುದಿಲ್ಲ.

ಗೋದಾಮು ದಾಟಿತು. ಮುಂದಿನ ದಾರಿ ಬಸ್ಸಿನ ಕಿಟಕಿಯಿಂದ ಕಂಡಷ್ಟು ನುಣ್ಣಗಿರಲಿಲ್ಲ. ನಂಬರಪ್ಪನವರು ಎರಡೂ ಕೈಯಲ್ಲಿ, ಸಾಧ್ಯವಿದ್ದರೆ ಮೂರನೆಯದರಲ್ಲೂ, ಸ್ಟೇರಿಂಗ್ ಹಿಡಿದಿದ್ದರು. "ಒಂದು ಕೈ ತೆಗೀರಿ, ಅಮ್ಮ ನೋಡ್ಲಿ" ಎಂದು ಹೆಂಡತಿ ಪಿಸುಗುಟ್ಟಿದಳು. ಅವರಿಗೆ ಕೇಳಿಸಲಿಲ್ಲ. ಎದುರಿಗೆ ಏರು ಕಂಡಿತು. ಏರಿನ ನಟ್ಟನಡುವೆ ಸಿಗ್ನಲ್ಲು, ಇವರಿಗಾಗಿಯೇ ಕಾದಿದ್ದ ಹಾಗೆ, ಕೆಂಪಾಯಿತು. ಕಾರು ನಿಂತಿತು. ಹಿಂದೆ ಒಂದು ಬಸ್ಸು ಬಂದು ನಿಂತಿತು.

ಬಸ್ಸಿನಿಂದ ಕಂಡಕ್ಟರು ಧುಮುಕಿ ಬಂದು ನಂಬರಪ್ಪನವರ ಕಿಟಕಿ ಬಡಿದ. ಮುಖದ ತುಂಬಾ ನಗು.

"ಏನ್ ಸಾರ್, ಭಾನುವಾರ ಕಾರಾ? ನಾಳೆ ಬರ್ತೀರಲ್ಲ? ನಿಮ್ಮ ಕಿಟಕಿ ಸೀಟು ಯಾರಿಗೂ ಬಿಟ್ಟುಕೊಡಲ್ಲ ನಾನು!"

"ಯಾರ್ರೀ ಇವರು?" ಹೆಂಡತಿ ಕೇಳಿದಳು.

"ಕಂಡಕ್ಟರು."

"ಅದು ಕಾಣುತ್ತೆ. ನಿಮ್ಮನ್ನ ಹೇಗೆ ಗೊತ್ತು?"

ಕಂಡಕ್ಟರು ಒಳ್ಳೆಯ ಮನುಷ್ಯ, ಪರೋಪಕಾರಿ. "ಗೊತ್ತಾ ಅಂದ್ರೆ? ನಾಲ್ಕು ತಿಂಗಳಾಯ್ತು ಮೇಡಂ, ಒಂದು ದಿನ ತಪ್ಪಿಸಿಲ್ಲ. ಹೋಗ್ತಾನೂ ನಮ್ಮದೇ, ಬರ್ತಾನೂ ನಮ್ಮದೇ. ಇಂಥ ಪ್ಯಾಸೆಂಜರು ಸಿಗಲ್ಲ!" ಎಂದು ಹೊಗಳಿ ಓಡಿಹೋದ.

ಭಾವಮೈದ ಯಂತ್ರದೊಳಗೆ ಮುಖ ಹುದುಗಿಸಿದ. ಮೇಷ್ಟ್ರು, "ನಾನು ಸಾಕ್ಷಿ ಅಂದಿದ್ದನ್ನ ವಾಪಸ್ ತಗೋತೀನಿ" ಎಂದರು. ಹೆಂಡತಿ ನೇರ ಮುಂದೆ ನೋಡುತ್ತಾ ಮೆಲ್ಲಗೆ ಕೇಳಿದಳು.

"ಕಾರು ಎಲ್ಲಿರುತ್ತೆ?"

"ಗೋದಾಮಿನ ಹಿಂದೆ."

"ನೀವು?"

"ನಾನೂ ಸ್ವಲ್ಪ ಹೊತ್ತು ಅಲ್ಲೇ ಇರ್ತೀನಿ."

"ಸಂಜೆ ಬೆವರು ಒರೆಸ್ಕೊಂಡು ಬರ್ತಿದ್ರಲ್ಲ, ಅಯ್ಯಯ್ಯೋ ಟ್ರಾಫಿಕ್ಕು ಅಂತ?"

"ಬಸ್ಸಿಗೂ ಟ್ರಾಫಿಕ್ ಇರುತ್ತೆ ಕಣೇ."

"ದಿನಾ ಬೆನ್ನಿಗೆ ಮುಲಾಮು ತಿಕ್ಕಿದೆನಲ್ರೀ ನಾನು! ಓಡಿಸಿ ಓಡಿಸಿ ನೋವು ಅಂತ!"

"ನೋವು ನಿಜವೇ. ಆ ಸೀಟಲ್ಲಿ ಪತ್ರಿಕೆ ಹಿಡ್ಕೊಂಡು ಅರ್ಧ ಗಂಟೆ ಕೂತು ನೋಡು ನೀನು." ಆಮೇಲೆ ಅವರ ದನಿ ಇಳಿಯಿತು. "ಈ ಏರಲ್ಲಿ ಒಂದ್ಸಲ ಹಿಂದಕ್ಕೆ ಜಾರಿದೆ. ನಿಂಗೆ ಹೇಳೋಣ ಅಂತ ದಿನಾ ಗೇಟಿಗೆ ಬರ್ತಿದ್ದೆ. ನೀನು ಅಲ್ಲಿ ನಿಂತಿರ್ತಿದ್ದೆ, ಬೀದೀಗೆಲ್ಲ ಕಾಣೋ ಹಾಗೆ ಕೈ ಬೀಸ್ಕೊಂಡು. ಆಗ್ತಿರಲಿಲ್ಲ."

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಹಸಿರು ದೀಪ ಬಂತು.

ನಂಬರಪ್ಪನವರು ಕಾಲು ಎತ್ತಿದರು. ಕಾರು ಒಮ್ಮೆ ನಡುಗಿ ಹಿಂದಕ್ಕೆ ಜಾರಿತು. "ಬ್ರೇಕು, ಬ್ರೇಕು!" ಎಂದು ಭಾವಮೈದ ಕೂಗಿದ. "ಎಲ್ರೂ ಇಳೀರಿ, ಭಾರ ಕಮ್ಮಿ ಆಗ್ಲಿ!" ಹಿಂದಿನ ಮೂವರೂ ಇಳಿದರು. ಹೆಂಡತಿ ಇಳಿಯಲಿಲ್ಲ. ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡಳು. ಹಿಂದಿನಿಂದ ಮೂವತ್ತು ಹಾರನ್ನು. ಅಷ್ಟರಲ್ಲಿ ಬಸ್ಸು ಗುಡುಗುಡು ಎನ್ನುತ್ತಾ ಮುಂದೆ ಬಂದು, ತನ್ನ ಮೂತಿಯನ್ನು ಕಾರಿನ ಬೆನ್ನಿಗೆ ಮೆತ್ತಗೆ ಆನಿಸಿ ನಿಂತಿತು. ಡ್ರೈವರು ಕಿಟಕಿಯಿಂದ ಅರ್ಧ ಹೊರಗೆ ಬಂದ.

"ಹಿಂದೆ ಹೋಗೋಕೆ ಜಾಗವೇ ಇಲ್ಲ ಸಾರ್, ನಾನಿದೀನಿ! ಹೆದರಬೇಡಿ, ನಿಧಾನಕ್ಕೆ ಕ್ಲಚ್ ಬಿಡಿ!"

ಕಿಟಕಿಗಳಿಂದ ನಲವತ್ತು ತಲೆ ಹೊರಗೆ ಬಂದವು. ಈ ಸಲ ನಲವತ್ತೂ ಒಂದೇ ಮಾತು ಹೇಳಿದವು. ನಂಬರಪ್ಪನವರು ಕಣ್ಣು ಮುಚ್ಚಿದರು, ಹೆಂಡತಿ "ಕಣ್ಣು ಬಿಡ್ರೀ!" ಎಂದು ಚೀರಿದಳು, ಕಣ್ಣು ಬಿಟ್ಟರು, ಕ್ಲಚ್ಚನ್ನೂ ಬಿಟ್ಟರು. ಕಾರು ಎರಡು ಸಲ ಮುಗ್ಗರಿಸಿ, ಹೂಂಕರಿಸಿ, ಏರಿತು. ಏರುತ್ತಲೇ ಹೋಯಿತು. ನೆತ್ತಿಯ ಮೇಲೆ ಹೋಗಿ ಪಕ್ಕಕ್ಕೆ ನಿಂತಾಗ ನಂಬರಪ್ಪನವರ ಅಂಗಿ ಮೈಗೆ ಅಂಟಿತ್ತು.

"ಇಂಜಿನ್ ಆರಿಸಬೇಡಿ" ಎಂದಳು ಹೆಂಡತಿ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಸೆರಗಿನ ಹಿಂದೆ ಕಾಣಲಿಲ್ಲ. "ನಾಳೆಯಿಂದ ನಾನೂ ಬರ್ತೀನಿ. ಇಲ್ಲೀವರೆಗೆ. ಪಕ್ಕದಲ್ಲಿ ಕೂತಿರ್ತೀನಿ. ಇಲ್ಲಿಂದ ಬಸ್ಸಲ್ಲಿ ವಾಪಸ್ ಹೋಗ್ತೀನಿ."

"ಜನ ಕೇಳಿದ್ರೆ?"

"ಗಂಡನ ಜೊತೆ ಕಾರಲ್ಲಿ ತಿರುಗಾಡೋಕೆ ಹೋಗಿದ್ದೆ ಅಂತೀನಿ. ಸುಳ್ಳು ನಿಮಗೊಬ್ರಿಗೇ ಬರುತ್ತಾ?"

ಭಾವಮೈದ, ಮೇಷ್ಟ್ರು ಇಬ್ಬರೂ ಏದುಸಿರು ಬಿಡುತ್ತಾ ಏರು ಹತ್ತಿ ಬಂದು ಹಿಂದಿನ ಸೀಟಿಗೆ ಬಿದ್ದರು. "ಇನ್ನೂ ನಲವತ್ತು ನಿಮಿಷ ಇದೆ ಭಾವ" ಎಂದ ಭಾವಮೈದ.

ಹೆಂಡತಿ ಹಿಂದೆ ತಿರುಗಿದಳು. "ಅಮ್ಮ ಎಲ್ಲೋ?"

"ನಮ್ಮ ಹಿಂದೇನೇ ಬರ್ತಿದ್ದಳಲ್ಲ!"

ಬಸ್ಸು ಅವರ ಪಕ್ಕದಿಂದ ಹಾದುಹೋಯಿತು. ಬಾಗಿಲ ಬಳಿಯ ಕಿಟಕಿ ಸೀಟಿನಲ್ಲಿ ಅತ್ತೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅಳಿಯನನ್ನು ಕಂಡು ಕೈ ಹೊರಗೆ ಚಾಚಿ, ಬನ್ನಿ ಬನ್ನಿ ಎಂದು ಕರೆದರು. ನಂಬರಪ್ಪನವರು ಬಸ್ಸಿನ ಹಿಂದೆ ಗಾಡಿ ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಬಸ್ಸು ಎಡಗಡೆ ದೀಪ ಹಾಕಿ ಸ್ಟಾಪಿನಲ್ಲಿ ನಿಂತಿತು. ನಂಬರಪ್ಪನವರೂ ಎಡಗಡೆ ದೀಪ ಹಾಕಿ, ಜನ ಇಳಿದು ಹತ್ತುವ ತನಕ ಅದರ ಹಿಂದೆ ನಿಂತರು.